ಕಾಗದಕ್ಕೆ ಇಳಿದು ಬಂದ ಜಿಂಕೆ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಪ್ಯೂಬ್ಲೊ ಜನರ ಜಲವರ್ಣ ಚಿತ್ರಗಳನ್ನು ಮೊದಲ ಸಲ ನೋಡಿದವರಿಗೆ ಒಂದು ಸಂದೇಹ ಮೂಡುವುದು ಸಹಜ. ಬಿಳಿ ಕಾಗದದ ಮೇಲೆ ಜಿಂಕೆಯೋ, ಬೆಟ್ಟದ ಟಗರೋ ನಿಂತಿರುತ್ತದೆ. ಹಿಂದೆ ಕಾಡಿಲ್ಲ, ಆಕಾಶವಿಲ್ಲ, ಕಾಲಡಿಯಲ್ಲಿ ನೆರಳೂ ಇಲ್ಲ. ಚಿತ್ರ ಅರ್ಧಕ್ಕೇ ನಿಂತಿತೇ?

ಇಲ್ಲ. ಆ ಪ್ರಾಣಿ ಬಂದದ್ದು ಮಡಕೆಯ ಮೈಯಿಂದ. ‘ಪ್ಯೂಬ್ಲೊ’ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಊರು. ರಿಯೊ ಗ್ರಾಂಡೆ ನದಿಯ ಆಸುಪಾಸಿನಲ್ಲಿ ಮಣ್ಣಿನ ಮನೆ ಕಟ್ಟಿ, ಮುಸುಕಿನ ಜೋಳ ಬೆಳೆದು ಬಾಳಿದ ಈ ಜನರಿಗೆ ಸ್ಪೇನಿನವರು ಇಟ್ಟ ಹೆಸರಿದು. ಸಾವಿರ ವರ್ಷಗಳ ಹಿಂದೆಯೇ ಇದೇ ಸೀಮೆಯ ಮಿಂಬ್ರೆಸ್ ಕಣಿವೆಯ ಬಟ್ಟಲುಗಳಲ್ಲಿ ಮೊಲ, ಮೀನು, ಹಕ್ಕಿಗಳ ಚಿತ್ತಾರವಿತ್ತು. ಜೂನಿ ಊರಿನ ಮಡಕೆಗಳ ಜಿಂಕೆಗಳಲ್ಲಿ ಬಾಯಿಂದ ಹೃದಯದವರೆಗೆ ಒಂದು ಬಾಣದ ಗೆರೆ ಇರುತ್ತದೆ. ಕುಂಚವೂ ಪ್ರಾಣಿಗಳೂ ಹಳೆಯವು. ಹೊಸದಾಗಿ ಬಂದದ್ದು ಕಾಗದ ಮತ್ತು ಪೇಟೆಯ ಬಣ್ಣ ಮಾತ್ರ.

ಈ ಬದಲಾವಣೆಯ ಮುಖ್ಯ ನೆಲೆ ಸಾನ್ ಇಲ್ಡೆಫಾನ್ಸೊ ಎಂಬ ಪುಟ್ಟ ಊರು. ಅಲ್ಲಿನ ಕ್ರೆಸೆನ್ಸಿಯೊ ಮಾರ್ಟಿನೆಜ್ ಅವರಿಂದ ಪುರಾತತ್ವಜ್ಞ ಎಡ್ಗರ್ ಹೀವೆಟ್ 1917ರಲ್ಲಿ ಕುಣಿತದ ವೇಷಗಳ ಚಿತ್ರಗಳನ್ನು ಬರೆಸತೊಡಗಿದರು. ಮರುವರ್ಷವೇ ಇನ್‌ಫ್ಲುಯೆಂಜಾ ಮಾರಿ ಮಾರ್ಟಿನೆಜ್ ಅವರನ್ನು ಬಲಿ ತೆಗೆದುಕೊಂಡಿತು. ಕೆಲಸವನ್ನು ಮುಂದುವರಿಸಿದವರಲ್ಲಿ ಪ್ರಮುಖರು ಅವರ ಸೋದರಳಿಯನೇ ಆದ ಆವಾ ಟ್ಸಿರೆ (1898–1955). ಕುಂಬಾರಿಕೆಯ ಮನೆತನದಲ್ಲಿ ಬೆಳೆದ ಅವರು ಪ್ಯೂಮಾ, ನರಿ, ಜಿಂಕೆಗಳನ್ನು ಮಡಕೆಯ ಮೇಲಿನ ಗೆರೆಯಷ್ಟೇ ಖಚಿತವಾಗಿ ಬರೆದರು.

ಆದರೆ ಕಾಲ ಅನುಕೂಲವಾಗಿರಲಿಲ್ಲ. ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಿಗೆ ಸೇರಿಸಿ, ಅವರ ಮಾತು, ಉಡುಗೆ, ನಂಬಿಕೆಗಳನ್ನು ಬಿಡಿಸುವುದು ಅಂದಿನ ಸರ್ಕಾರದ ನೀತಿಯಾಗಿತ್ತು. 1921ರಲ್ಲಿ ಇಂಡಿಯನ್ ವ್ಯವಹಾರಗಳ ಆಯುಕ್ತ ಚಾರ್ಲ್ಸ್ ಬರ್ಕ್ ಸಾಂಪ್ರದಾಯಿಕ ಕುಣಿತಗಳಿಗೆ ಕಡಿವಾಣ ಹಾಕುವಂತೆ ಸುತ್ತೋಲೆಯನ್ನೇ ಹೊರಡಿಸಿದರು. ಪ್ಯೂಬ್ಲೊ ಜನರಿಗೆ ಜಿಂಕೆ ಕುಣಿತ, ಕಾಡೆಮ್ಮೆ ಕುಣಿತಗಳು ಮನರಂಜನೆಯಲ್ಲ. ಮನುಷ್ಯನಿಗೂ ಬೇಟೆಯ ಪ್ರಾಣಿಗೂ ಇರುವ ಋಣದ ಆಚರಣೆ. ಹೀಗಿರುವಾಗ ಒಂದು ಜಿಂಕೆಯನ್ನು ಬರೆಯುವುದೆಂದರೆ ಮರೆಯಲು ಒಪ್ಪದಿರುವುದು ಎಂದೇ ಅರ್ಥ. ಸಾಂಟಾ ಫೆಯ ಇಂಡಿಯನ್ ಶಾಲೆಯಲ್ಲಿ ಮುಖ್ಯಸ್ಥರ ಪತ್ನಿ ಎಲಿಜಬೆತ್ ಡಿಹಫ್ ಕೆಲವು ಹುಡುಗರಿಗೆ ಮನೆಯಲ್ಲೇ ಚಿತ್ರ ಬರೆಯಲು ಅವಕಾಶ ಕೊಟ್ಟರು. ಹೋಪಿ ಕಲಾವಿದ ಫ್ರೆಡ್ ಕಬೋಟಿ ಹೊಮ್ಮಿದ್ದು ಹಾಗೆ.

ಗಾಳಿ ತಿರುಗಿತು. 1932ರಲ್ಲಿ ಅದೇ ಶಾಲೆಯಲ್ಲಿ ಡೊರೊತಿ ಡನ್ ‘ಸ್ಟುಡಿಯೊ’ ಎಂಬ ಕಲಾ ವಿಭಾಗವನ್ನು ತೆರೆದರು. ಸಾಂಟಾ ಕ್ಲಾರಾದ ಪಬ್ಲಿಟಾ ವೆಲಾರ್ಡೆ, ಚಿಮ್ಮುವ ಜಿಂಕೆಗಳ ಕಾಡನ್ನು ಬರೆದು ಹೆಸರಾದ ಟಾವೋಸ್‌ನ ಪಾಪ್ ಚಾಲಿ ಇಲ್ಲಿ ಕಲಿತವರು. ನೆರಳು ಬೇಡ, ದೂರ–ಹತ್ತಿರದ ಭ್ರಮೆ ಬೇಡ, ಗೆರೆ ಸ್ಪಷ್ಟವಾಗಿರಲಿ ಎಂಬುದು ಅಲ್ಲಿನ ಪಾಠ. ಮಕ್ಕಳಿಗೆ ತಮ್ಮ ಊರಿನ ನೆನಪೇ ಪಠ್ಯವಾಯಿತು.

ಇದರಲ್ಲೊಂದು ತೊಡಕೂ ಇತ್ತು. ಮಡಕೆಯಿಂದ ಸಹಜವಾಗಿ ಬಂದ ಶೈಲಿ ಕ್ರಮೇಣ ಕಟ್ಟಳೆಯಾಯಿತು. ಕೊಳ್ಳುವವರೂ ತೀರ್ಪುಗಾರರೂ ಅದನ್ನೇ ‘ನಿಜವಾದ ಇಂಡಿಯನ್ ಕಲೆ’ ಎಂದು ನಿರೀಕ್ಷಿಸತೊಡಗಿದರು. ಸ್ಟುಡಿಯೊದಲ್ಲೇ ಕಲಿತ ಸೂ ಜನಾಂಗದ ಆಸ್ಕರ್ ಹೌ ಅವರ ಚಿತ್ರವನ್ನು 1958ರಲ್ಲಿ ಟಲ್ಸಾ ನಗರದ ಫಿಲ್‌ಬ್ರೂಕ್ ಸ್ಪರ್ಧೆ ಸಾಂಪ್ರದಾಯಿಕವಲ್ಲವೆಂದು ತಳ್ಳಿಹಾಕಿತು. ಅವರು ಕಟುವಾಗಿ ಪ್ರತಿಭಟಿಸಿ ಪತ್ರ ಬರೆದರು. ಒಂದು ಕಾಲಕ್ಕೆ ‘ನಿಮ್ಮತನ ಬಿಡಿ’ ಎಂದವರು, ಇನ್ನೊಂದು ಕಾಲಕ್ಕೆ ‘ನಿಮ್ಮತನ ಇಷ್ಟೇ’ ಎಂದು ಗೆರೆ ಎಳೆದಿದ್ದರು. ಎರಡರಲ್ಲೂ ಅಪ್ಪಣೆ ಹೊರಗಿನವರದೇ.

ಹೀಗಾಗಿ ಈ ಚಿತ್ರಗಳನ್ನು ಚೆಂದದ ಅಲಂಕಾರವೆಂದಷ್ಟೇ ನೋಡುವುದು ಸಾಲದು. ಆವಾ ಟ್ಸಿರೆಯವರ ಜಿಂಕೆಯ ಹಿಂದೆ ಕಾಡಿಲ್ಲ, ನಿಜ. ಅದು ಯಾವ ಬೆಟ್ಟದಿಂದ ಇಳಿದು ಬಂದಿತೆಂದು ಅವರ ಊರಿನವರಿಗೆ ಹೇಳಬೇಕಾಗಿಯೇ ಇರಲಿಲ್ಲ.