ಕರ್ಣನಾದವೂ ಸೂಜಿಯ ಚಿಕಿತ್ಸೆಯೂ

ವಿಜಯಪುರದ ನೈಋತ್ಯಕ್ಕೆ, ಬಬಲೇಶ್ವರದ ಎರೆಭೂಮಿಯಲ್ಲಿ, ಮುಹಮ್ಮದ ಆದಿಲಶಾಹನು 1633ರಲ್ಲಿ ಕಟ್ಟಿಸಿದ ಕೆರೆಯನ್ನು ಆಶ್ರಯಿಸಿ ಬೆಳೆದ ಮಮದಾಪುರದಲ್ಲಿಯೂ ಅದರ ಸುತ್ತಿನ ಹಳ್ಳಿಗಳಲ್ಲಿಯೂ ವಯಸ್ಸಾದವರು ‘ಕಿವ್ಯಾಗ ಗುಂಯ್ ಅಂತೈತಿ’ ಎಂದು ಹೇಳಿಕೊಳ್ಳುವ ಬೇನೆಯು ಪರರಿಗೆ ಕಾಣದ, ಪರರಿಗೆ ಕೇಳದ, ಆದುದರಿಂದಲೇ ಪರರನ್ನು ನಂಬಿಸುವುದು ದುಸ್ತರವಾದ ಬೇನೆಯಾಗಿದೆ. ಅದೇ ಅರಸನ ಸಮಾಧಿಯಾದ ಗೋಳಗುಮ್ಮಟದ ಮೇಲ್ಜಗುಲಿಯಲ್ಲಿ ಒಬ್ಬನಾಡಿದ ಪಿಸುಮಾತು ಎದುರುಗೋಡೆಯ ಬಳಿ ನಿಂತವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಅಲ್ಲಿಯ ದನಿಗಾದರೋ ಆಡಿದ ಬಾಯಿಯೊಂದಿದೆ, ಕಿವಿಯ ಈ ಗುಂಯ್ ದನಿಗೆ, ಎಂದರೆ ಕರ್ಣನಾದಕ್ಕೆ, ಅಂಥ ಬಾಯಿಯೇ ಇಲ್ಲ. ಮುಪ್ಪಿನಿಂದಲೋ, ಮಗ್ಗ ಗಿರಣಿಗಳ ಸತತ ಘೋಷದಿಂದಲೋ, ಕ್ವಿನೈನ್, ಸ್ಟ್ರೆಪ್ಟೊಮೈಸಿನ್‌ನಂಥ ಔಷಧಗಳಿಂದಲೋ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಷ್ಟವಾದಾಗ, ಬಾರದ ಶಬ್ದದ ಕೊರತೆಯನ್ನು ಮಿದುಳು ತಾನೇ ತುಂಬಿಕೊಳ್ಳಲು ಹೋಗಿ ಈ ನಾದವನ್ನು ಹುಟ್ಟಿಸುತ್ತದೆಂಬುದು ಇಂದಿನ ವೈದ್ಯರಲ್ಲಿ ಬಹುಮಂದಿಯ ಅಭಿಪ್ರಾಯ.

ಈ ವ್ಯಾಧಿಯನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಸುಶ್ರುತಸಂಹಿತೆಯ ಉತ್ತರತಂತ್ರವು ಕಿವಿಯ ರೋಗಗಳನ್ನು 28 ಎಂದು ಎಣಿಸಿ, ಶಬ್ದವಾಹಿ ಮಾರ್ಗಗಳನ್ನು ವಾಯುವು ಸೇರಿದಾಗ ಭೇರಿ, ಮೃದಂಗ, ಶಂಖಗಳ ಧ್ವನಿಯಂಥ ಧ್ವನಿಗಳು ಕೇಳಿಸುವುದನ್ನು ಕರ್ಣನಾದವೆಂದು ಹೇಳಿ, ಕರ್ಣಶೂಲ (ಕಿವಿನೋವು), ಬಾಧಿರ್ಯ (ಕಿವುಡು), ಕರ್ಣಕ್ಷ್ವೇಡ (ಕಿವಿಯ ಸಿಳ್ಳುದನಿ) ಇವುಗಳೊಡನೆ ಅದಕ್ಕೂ ಒಂದೇ ಬಗೆಯ ಸಾಮಾನ್ಯ ಚಿಕಿತ್ಸೆಯನ್ನು ವಿಧಿಸಿತು. ಆ ಚಿಕಿತ್ಸೆಯಲ್ಲಿ ತೈಲ ಘೃತಗಳಿಗೆ ಪ್ರಾಧಾನ್ಯ. ಆದರೆ ಶಸ್ತ್ರವೂ ಕಿವಿಗೆ ಅನ್ಯವಾಗಿರಲಿಲ್ಲ. ಶಿಶುವಿನ ಆರನೆಯ ಅಥವಾ ಏಳನೆಯ ತಿಂಗಳಿನಲ್ಲಿ, ಸೂರ್ಯನ ಬೆಳಕು ಹಾಯುವ ಸಹಜ ರಂಧ್ರವನ್ನು ನೋಡಿ ಕಿವಿಯನ್ನು ಚುಚ್ಚಬೇಕೆಂದು ಸೂತ್ರಸ್ಥಾನದಲ್ಲಿ ವಿಧಿಯಿದೆ. ಕಿವಿಯ ರೋಗಗಳಲ್ಲಿ ಕಿವಿಯ ಮೇಲ್ಭಾಗದ ಸುತ್ತಣ ಸಿರೆಗಳನ್ನು ವೇಧಿಸಬೇಕೆಂದು ಶಾರೀರಸ್ಥಾನದಲ್ಲಿದೆ. ಅಷ್ಟೇ ಅಲ್ಲದೆ, ಕರುಳು ಇಳಿಯುವ ಅಂತ್ರವೃದ್ಧಿಯು ನಿಲ್ಲಬೇಕಾದರೆ ವ್ಯಾಧಿಯಿರುವ ಪಕ್ಕಕ್ಕೆ ವಿರುದ್ಧವಾದ ಪಕ್ಕದ ಕಿವಿಯ ಬಳಿ ಸಿರೆಯನ್ನು ವೇಧಿಸುವ ಆಶ್ಚರ್ಯಕರವಾದ ಕ್ರಮವೊಂದು ಚಿಕಿತ್ಸಾಸ್ಥಾನದಲ್ಲಿ ದೊರೆಯುತ್ತದೆ.

ಈ ವಾಕ್ಯಗಳನ್ನು ಆಧಾರವಾಗಿ ಹಿಡಿದು, ಚೀನದ ಸೂಜಿಚಿಕಿತ್ಸೆ ನಮ್ಮಿಂದಲೇ ಹೋದುದೆಂದು ಅಭಿಮಾನದಿಂದ ಸಾರುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಸಿರಾವೇಧದ ಉದ್ದೇಶ ದುಷ್ಟರಕ್ತವನ್ನು ಹೊರಗೆಡಹುವುದು; ಚೀನದ ಸೂಜಿಯ ಉದ್ದೇಶ ದೇಹದ ಮಾರ್ಗಗಳಲ್ಲಿ ಹರಿಯುವ ಪ್ರಾಣಶಕ್ತಿಯನ್ನು ಸಮಸ್ಥಿತಿಗೆ ತರುವುದು. ಇವೆರಡರ ನಡುವಣ ಅಂತರವನ್ನು ಒಂದೇ ಸ್ಥಾನದಲ್ಲಿ ಸ್ಪಷ್ಟವಾಗಿ ಕಾಣಬಹುದು. ಕಿವಿಯ ಹಿಂದೆ ಕೆಳಗಡೆಗೆ ಇರುವ ವಿಧುರವೆಂಬ ಮರ್ಮಕ್ಕೆ ಪೆಟ್ಟಾದರೆ ಕಿವುಡು ಬರುವುದೆಂದು ಎಚ್ಚರಿಸಿ ಸುಶ್ರುತನು ಶಸ್ತ್ರವನ್ನು ಅಲ್ಲಿಂದ ದೂರವಿಡುತ್ತಾನೆ. ಚೀನದ ವೈದ್ಯನಾದರೋ ಸರಿಸುಮಾರು ಅದೇ ತಾಣದಲ್ಲಿ, ಕಿವಿಯ ಹಾಲೆಯ ಹಿಂದಣ ತಗ್ಗಿನಲ್ಲಿ, ಯಿಫೆಂಗ್ ಎಂಬ ಬಿಂದುವನ್ನು ಗುರುತಿಸಿ, ಕಿವುಡಿಗೂ ಕರ್ಣನಾದಕ್ಕೂ ಸೂಜಿಯನ್ನು ಅಲ್ಲಿಯೇ ಇಳಿಸುತ್ತಾನೆ. ಕಿವಿಗೂ ಆ ತಾಣಕ್ಕೂ ಸಂಬಂಧವುಂಟೆಂಬುದನ್ನು ಇಬ್ಬರೂ ಕಂಡರು. ಕಂಡು ತೆಗೆದುಕೊಂಡ ನಿರ್ಣಯಗಳು ಮಾತ್ರ ಪರಸ್ಪರ ವಿರುದ್ಧವಾದವು. ಒಂದು ಶಾಸ್ತ್ರವು ಮತ್ತೊಂದರ ನಕಲಾಗಿದ್ದರೆ ಇಂಥ ವೈರುಧ್ಯಕ್ಕೆ ಎಡೆಯಿರುತ್ತಿರಲಿಲ್ಲ.

ಆದಿಲಶಾಹಿಗಳ ಕಾಲಕ್ಕೆ ವಿಜಯಪುರದಲ್ಲಿ ಯುನಾನಿ ವೈದ್ಯವು ಆಯುರ್ವೇದದ ನೆರೆಯಲ್ಲಿ ಬಂದು ನೆಲೆಗೊಂಡಿತು. 1589ರಲ್ಲಿ ಇಲ್ಲಿಗೆ ಬಂದು ಎರಡನೆಯ ಇಬ್ರಾಹಿಮನ ಆಶ್ರಯವನ್ನು ಪಡೆದ ಫೆರಿಶ್ತಾನನ್ನು ನಾವು ಇತಿಹಾಸಕಾರನೆಂದೇ ಸ್ಮರಿಸುತ್ತೇವೆ. ಆದರೆ ಆತನು ಭಾರತೀಯ ವೈದ್ಯಗ್ರಂಥಗಳನ್ನು ಪರಿಶೀಲಿಸಿ ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ವೈದ್ಯಗ್ರಂಥವನ್ನು ಪಾರಸಿಯಲ್ಲಿ ರಚಿಸಿದವನೂ ಹೌದು. ಯುನಾನಿ ವೈದ್ಯದ ಆಚಾರ್ಯನಾದ ಇಬ್ನ್ ಸೀನಾನ ‘ಕಾನೂನ್’ ಗ್ರಂಥದಲ್ಲಿಯೂ ಕಿವಿಯೊಳಗಿನ ದನಿಗೆ ಪ್ರತ್ಯೇಕವಾದ ವಿವೇಚನೆಯುಂಟು. ಜನಸಾಮಾನ್ಯರಾದರೋ ಕೊಂಬು ಹಚ್ಚಿಸಿ, ಜಿಗಣೆ ಹತ್ತಿಸಿ, ಬರೆ ಹಾಕಿಸಿ, ಬೆಚ್ಚನೆಯ ಎಣ್ಣೆಯನ್ನು ಕಿವಿಗೆ ಬಿಡಿಸಿಕೊಂಡು ಕಾಲ ಕಳೆದರು. ಕೂಸಿನ ಕಿವಿಯನ್ನು ಪತ್ತಾರನು ಚುಚ್ಚುತ್ತಿದ್ದನು, ಹೆಂಗಸರು ಕಿವಿಯ ಮೇಲಂಚಿನಲ್ಲಿ ಬುಗುಡಿಯನ್ನು ಧರಿಸುತ್ತಿದ್ದರು. ಆದರೆ ಕರ್ಣನಾದವನ್ನು ಸೂಜಿಯಿಂದ ಶಮನಗೊಳಿಸುವ ಪದ್ಧತಿಯು ಈ ನಾಡಿನಲ್ಲಿ ಬೆಳೆಯಲಿಲ್ಲ.

ಆ ಪದ್ಧತಿ ಬೆಳೆದುದು ಚೀನದಲ್ಲಿ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ರೂಪುಗೊಂಡ ‘ಹುವಾಂಗ್‌ದಿ ನೈಜಿಂಗ್’ ಮೂತ್ರಪಿಂಡದ ದ್ವಾರವೇ ಕಿವಿಯೆಂದು ಹೇಳಿತು. ಕ್ರಿಸ್ತಶಕ ಮೂರನೆಯ ಶತಮಾನದಲ್ಲಿ ಹುವಾಂಗ್‌ಫು ಮಿ ಸೂಜಿಯ ಬಿಂದುಗಳನ್ನೆಲ್ಲ ಕ್ರಮಗೊಳಿಸಿದನು. ಕಿವಿಯ ಮುಂದೆ, ಬಾಯಿ ತೆರೆದಾಗ ತಗ್ಗುಬೀಳುವ ಎಡೆಯಲ್ಲಿ, ಅರ್‌ಮೆನ್, ತಿಂಗ್‌ಗಾಂಗ್, ತಿಂಗ್‌ಹುಯಿ ಎಂಬ ಮೂರು ಬಿಂದುಗಳು ಒಂದರ ಕೆಳಗೊಂದಾಗಿವೆ. ಕಿವಿಯಿಂದ ಬಹುದೂರದಲ್ಲಿ, ಉಂಗುರಬೆರಳು ಕಿರುಬೆರಳುಗಳ ನಡುವೆ, ಅಂಗೈಯ ಬೆನ್ನಿನ ಮೇಲೆಯೂ ಕರ್ಣನಾದಕ್ಕೆ ಹೇಳಿದ ಬಿಂದುವೊಂದಿದೆ. ಇಷ್ಟು ಪ್ರಾಚೀನವಾದ ವಿದ್ಯೆಯನ್ನು 1822ರಲ್ಲಿ ಚೀನದ ಚಕ್ರವರ್ತಿಯೇ ರಾಜವೈದ್ಯಾಲಯದಿಂದ ಬಹಿಷ್ಕರಿಸಿದನು. ಅದು ಪುನಃ ಸರಕಾರದ ಮನ್ನಣೆಯನ್ನು ಪಡೆದುದು 1949ರ ಕ್ರಾಂತಿಯ ತರುವಾಯ.

ಭಾರತಕ್ಕೆ ಈ ವಿದ್ಯೆಯು ಬಂದ ದಾರಿಯ ಮೊದಲ ತುದಿ ನಮ್ಮ ನೆರೆಯಲ್ಲಿಯೇ ಇದೆ. ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲಸಿರುವ, ವಿಜಯಪುರ ಸೀಮೆಯವರಿಗೆ ಮನೆಯಂಗಳದಂತಿರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ಣೀಸರು, ಜಪಾನಿನ ಆಕ್ರಮಣಕ್ಕೆ ತುತ್ತಾದ ಚೀನಕ್ಕೆ ಕಾಂಗ್ರೆಸ್ಸು 1938ರಲ್ಲಿ ಕಳುಹಿದ ಐವರು ವೈದ್ಯರಲ್ಲಿ ಒಬ್ಬರಾಗಿ ಹೋಗಿ, ರಣಭೂಮಿಯಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ, ಅಲ್ಲಿಯೇ ಗೃಹಸ್ಥರಾಗಿ, 1942ರ ಡಿಸೆಂಬರಿನಲ್ಲಿ ತಮ್ಮ 32ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಕೋಟ್ಣೀಸರು ಸೂಜಿವೈದ್ಯರಾಗಿದ್ದರೆಂದು ಕೆಲವರು ಭಾವಿಸಿರುವುದು ಸರಿಯಲ್ಲ. ಅವರು ಮುಂಬಯಿಯಲ್ಲಿ ಕಲಿತ ಶಸ್ತ್ರವೈದ್ಯರು. ಸೂಜಿಯನ್ನು ತಂದವರು ಅವರ ಸಹಯಾತ್ರಿಕರಾದ ಬಂಗಾಳದ ಬಿಜಯಕುಮಾರ ಬಸು. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ ಆ ವಿದ್ಯೆಯನ್ನು ಕಲಿತು, ಕಲಕತ್ತೆಯಲ್ಲಿ ಪ್ರಯೋಗಿಸಿ, ಶಿಷ್ಯರಿಗೆ ಧಾರೆಯೆರೆದರು. ಆಮೇಲೆ ಲೂಧಿಯಾನದಲ್ಲಿ ತಲೆಯೆತ್ತಿದ ಅಕ್ಯುಪಂಕ್ಚರ್ ಆಸ್ಪತ್ರೆಯು ಕೋಟ್ಣೀಸರ ಹೆಸರನ್ನೇ ಹೊತ್ತಿತು. ಸೊಲ್ಲಾಪುರದ ಒಬ್ಬ ತರುಣನ ಬಲಿದಾನವು ಇಂಥದೊಂದು ವಿದ್ಯೆಯ ನಾಂದಿಯಾಯಿತೆಂಬುದನ್ನು ನಮ್ಮ ಕಡೆಯ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಬೇಕೆಂಬುದು ನನ್ನ ಹಂಬಲ.

ಪಶ್ಚಿಮ ಬಂಗಾಳವು 1996ರಲ್ಲಿ ಈ ಪದ್ಧತಿಗೆ ಕಾನೂನನ್ನು ಮಾಡಿತು. 2019ರಲ್ಲಿ ಕೇಂದ್ರದ ಆರೋಗ್ಯ ಮಂತ್ರಾಲಯವು ಇದನ್ನು ಸ್ವತಂತ್ರವಾದ ಚಿಕಿತ್ಸಾಕ್ರಮವೆಂದು ಮನ್ನಿಸಿತು. ಆದರೆ ಸರಕಾರದ ಮನ್ನಣೆಯೇ ಗುಣದ ಪ್ರಮಾಣವಾಗಲಾರದು. ಕರ್ಣನಾದದ ಮೇಲೆ ನಡೆದ ಆರು ಪರೀಕ್ಷೆಗಳನ್ನು ಇಂಗ್ಲೆಂಡಿನ ವಿದ್ವಾಂಸರು 2000ದಲ್ಲಿ ಒಟ್ಟಾಗಿ ತೂಗಿ ನೋಡಿದಾಗ, ನಿಜವಾದ ಚಿಕಿತ್ಸೆ ಯಾರಿಗೆ ಎಂಬುದು ಮರೆಯಾಗಿರದಿದ್ದ ಎರಡು ಪರೀಕ್ಷೆಗಳಲ್ಲಿ ಮಾತ್ರ ಗುಣವು ಕಂಡಿತು. ಅದನ್ನು ಮರೆಮಾಡಿ ನಡೆಸಿದ ನಾಲ್ಕರಲ್ಲಿ ಗಣನೀಯವಾದ ಗುಣವು ಕಾಣಲಿಲ್ಲ. ಅಮೆರಿಕದ ಕಿವಿ ಗಂಟಲು ವೈದ್ಯರ ಸಂಸ್ಥೆಯು 2014ರಲ್ಲಿ ಸೂಜಿಚಿಕಿತ್ಸೆಯನ್ನು ಬೇಕೆಂದೂ ಹೇಳದೆ, ಬೇಡವೆಂದೂ ಹೇಳದೆ, ಶ್ರವಣಪರೀಕ್ಷೆಯನ್ನೂ, ಕೇಳ್ಮೆ ಕುಂದಿದವರಿಗೆ ಶ್ರವಣಯಂತ್ರವನ್ನೂ, ನಾದದ ಬಗೆಗಿನ ಮನೋವ್ಯಥೆಯನ್ನು ತಗ್ಗಿಸುವ ಮನಶ್ಚಿಕಿತ್ಸೆಯನ್ನೂ ಅನುಮೋದಿಸಿತು.

ಆದಕಾರಣ, ಸೂಜಿಯಿಂದ ಮನಸ್ಸಿಗೆ ನೆಮ್ಮದಿಯೂ ನಿದ್ರೆಯೂ ದೊರೆಯುವುದಾದರೆ, ಕಲಿತವರ ಕೈಯಲ್ಲಿ, ಒಮ್ಮೆ ಮಾತ್ರ ಬಳಸಿ ಬಿಸುಡುವ ಶುದ್ಧವಾದ ಸೂಜಿಯಿಂದ ಅದನ್ನು ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಕರ್ಣನಾದವನ್ನು ಅದು ಬೇರುಸಹಿತ ಕಿತ್ತೊಗೆಯುವುದೆಂದು ಹೇಳಿ ಹಣ ಕೇಳುವವರ ಮಾತನ್ನು ನಂಬಬಾರದು. ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೋ, ಕೇಳ್ಮೆ ಕುಂದಿದೆಯೋ ಎಂಬುದನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿರಿ. ಒಂದು ಕಿವಿಯು ಹಠಾತ್ತನೆ ಮಂದವಾಗಿ ಅದರಲ್ಲಿ ನಾದವು ಹುಟ್ಟಿದರಂತೂ ಎಣ್ಣೆ ಸೂಜಿಗಳೆಂದು ದಿನಗಳೆಯದೆ ಅಂದೇ ವಿಜಯಪುರದ ಕಿವಿವೈದ್ಯರಲ್ಲಿಗೆ ತೆರಳಿರೆಂದು ಮಮದಾಪುರ ಸೀಮೆಯ ಹಿರಿಯರನ್ನು ಪ್ರಾರ್ಥಿಸುತ್ತೇನೆ.