ಹಡಗಿನ ವೇಗ ಅಳೆದ ಹಗ್ಗ, ಮರಳು ಮತ್ತು ಪುಟ್ಟ ಚಕ್ರ

ಬಸ್ಸಿನ ವೇಗವನ್ನು ಅಳೆಯುವುದು ಕಷ್ಟವಲ್ಲ. ಚಕ್ರದ ಸುತ್ತಳತೆ ಗೊತ್ತಿದ್ದರೆ, ಅದು ಎಷ್ಟು ಸುತ್ತು ತಿರುಗಿತೆಂದು ಎಣಿಸಿದರಾಯಿತು. ಹಡಗಿಗೆ ಈ ಅನುಕೂಲವಿಲ್ಲ. ಅದರ ಕೆಳಗಿರುವ ನೀರು ತಾನೇ ಹರಿಯುತ್ತಿರುತ್ತದೆ. ನಡುಗಡಲಿನಲ್ಲಿ ಮೈಲಿಗಲ್ಲುಗಳೂ ಇಲ್ಲ. ಆದರೂ ವೇಗ ತಿಳಿಯದೆ ನಾವಿಕನಿಗೆ ಗತ್ಯಂತರವಿಲ್ಲ. ಹೊರಟ ಸ್ಥಳ, ಹಿಡಿದ ದಿಕ್ಕು, ಸಾಗಿದ ವೇಗ, ಕಳೆದ ಸಮಯ – ಈ ನಾಲ್ಕರಿಂದ ಅವನು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತಿದ್ದ. ರೇಡಿಯೊ ಬರುವವರೆಗೆ, ಮೋಡ ಕವಿದ ರಾತ್ರಿಯಲ್ಲಿ ದಡದಿಂದ ದೂರವಿದ್ದವನಿಗೆ ಬೇರೆ ದಾರಿಯೇ ಇರಲಿಲ್ಲ.

1574ರಲ್ಲಿ ವಿಲಿಯಂ ಬೋರ್ನ್ ಎಂಬ ಇಂಗ್ಲಿಷ್ ಲೇಖಕ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ ಒಂದು ಉಪಾಯದ ವಿವರಣೆ ಇದೆ. ಹಗ್ಗಕ್ಕೆ ಕಟ್ಟಿದ ಮರದ ತುಂಡನ್ನು ಹಡಗಿನ ಹಿಂಭಾಗದಿಂದ ನೀರಿಗೆ ಎಸೆಯುವುದು; ಅದು ಬಿದ್ದಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಸಾಗುತ್ತದೆ; ನಿಗದಿತ ಸಮಯದಲ್ಲಿ ಎಷ್ಟು ಹಗ್ಗ ಬಿಚ್ಚಿಕೊಂಡಿತೆಂದು ನೋಡುವುದು. ಮರದ ತುಂಡಿಗೆ ಇಂಗ್ಲಿಷಿನಲ್ಲಿ 'ಲಾಗ್' ಎನ್ನುತ್ತಾರಲ್ಲವೆ? ಉಪಕರಣಕ್ಕೂ ಅದೇ ಹೆಸರು ನಿಂತಿತು. ಅಳತೆಗಳನ್ನು ಬರೆದಿಡುವ ಪುಸ್ತಕ 'ಲಾಗ್ ಬುಕ್' ಆಯಿತು. ಇಂದು ಕಂಪ್ಯೂಟರಿನಲ್ಲಿ 'ಲಾಗ್ ಇನ್' ಆಗುವ ನಮಗೆ ಈ ಮರದ ತುಂಡು ನೆನಪಾಗುವುದಿಲ್ಲ!

ಮುಂದೆ ಹಗ್ಗದ ಮೇಲೆ ಸಮಾನ ಅಂತರದಲ್ಲಿ ಗಂಟುಗಳನ್ನು ಹಾಕುವ ಪದ್ಧತಿ ಬಂತು. ಒಬ್ಬ ನಾವಿಕ ಹಗ್ಗದ ಉರುಳೆಯನ್ನು ಎತ್ತಿ ಹಿಡಿಯುತ್ತಿದ್ದ, ಇನ್ನೊಬ್ಬ ಮರಳು ಗಡಿಯಾರವನ್ನು ನೋಡುತ್ತಿದ್ದ, ಮೂರನೆಯವನು ಕೈಯಿಂದ ಜಾರಿಹೋಗುವ ಗಂಟುಗಳನ್ನು ಎಣಿಸುತ್ತಿದ್ದ. ಐದು ಗಂಟು ಹೋದರೆ ವೇಗ ಐದು 'ನಾಟ್'. ನಾಟ್ ಎಂದರೆ ಗಂಟು ಎಂದೇ ಅರ್ಥ. ಇಂದಿನ ಲೆಕ್ಕದಲ್ಲಿ ಒಂದು ನಾಟ್ ಎಂದರೆ ಗಂಟೆಗೆ ಒಂದು ನಾವಿಕ ಮೈಲಿ, ಅಂದರೆ ಗಂಟೆಗೆ 1,852 ಮೀಟರ್. ಆದ್ದರಿಂದ 'ಗಂಟೆಗೆ ಹತ್ತು ನಾಟ್' ಎಂದು ಬರೆಯುವುದು ತಪ್ಪು. ಗಂಟೆ ಆಗಲೇ ಆ ಗಂಟಿನೊಳಗೆ ಸೇರಿಬಿಟ್ಟಿದೆ.

ಎರಡು ಗಂಟುಗಳ ನಡುವೆ ಎಷ್ಟು ಅಂತರವಿರಬೇಕು? ಇದಕ್ಕೆ ಉತ್ತರ ಬೇಕೆಂದರೆ ಭೂಮಿಯ ಗಾತ್ರ ತಿಳಿದಿರಬೇಕು. ಏಕೆಂದರೆ ನಾವಿಕ ಮೈಲಿ ಎಂಬುದು ಅಕ್ಷಾಂಶದ ಒಂದು ಡಿಗ್ರಿಯ 60ನೆಯ ಒಂದು ಭಾಗ. ಹಳೆಯ ನಾವಿಕರು ಮೈಲಿಗೆ 5,000 ಅಡಿ ಎಂದು ಹಿಡಿದು, 30 ಸೆಕೆಂಡಿನ ಮರಳು ಗಡಿಯಾರಕ್ಕೆ 42 ಅಡಿಗೊಂದು ಗಂಟು ಹಾಕುತ್ತಿದ್ದರು. ಇಂಗ್ಲೆಂಡಿನ ಗಣಿತಜ್ಞ ರಿಚರ್ಡ್ ನಾರ್‌ವುಡ್ ಲಂಡನ್ನಿನಲ್ಲೂ ಯಾರ್ಕಿನಲ್ಲೂ ಸೂರ್ಯನ ಎತ್ತರವನ್ನು ಅಳೆದ. 1635ರಲ್ಲಿ ಆ ಎರಡು ಊರುಗಳ ನಡುವಿನ ದೂರವನ್ನು ಸರಪಳಿ ಹಿಡಿದು, ಕೆಲವೆಡೆ ಹೆಜ್ಜೆ ಎಣಿಸಿ ಅಳೆದ. 1637ರಲ್ಲಿ ಅವನು ಪ್ರಕಟಿಸಿದ ಫಲಿತಾಂಶದಂತೆ ಮೈಲಿಗೆ ಸುಮಾರು 6,120 ಅಡಿ. ಇಂದಿನ ಬೆಲೆ ಸುಮಾರು 6,076 ಅಡಿ. ಹೆಜ್ಜೆ ಎಣಿಸಿದವನಿಗೆ ಇದಕ್ಕಿಂತ ಹೆಚ್ಚಿನ ಅಂಕ ಕೊಡಲು ಸಾಧ್ಯವಿಲ್ಲ. ಅವನ ಪ್ರಕಾರ ಗಂಟಿಗೆ 51 ಅಡಿ ಬೇಕು. 42 ಅಡಿಯ ಹಗ್ಗ ವೇಗವನ್ನು ಐದರಲ್ಲೊಂದು ಪಾಲಿನಷ್ಟು ಹೆಚ್ಚಾಗಿ ತೋರಿಸುತ್ತಿತ್ತು.

ನಾವಿಕರು ಕೂಡಲೇ ಒಪ್ಪಲಿಲ್ಲ. ವೇಗ ಹೆಚ್ಚು ತೋರಿದರೆ ದಡ ಬೇಗ ಬರುತ್ತದೆಂದು ಎಚ್ಚರವಾಗಿರುತ್ತೇವೆ, ಅದೇ ಕ್ಷೇಮ ಎಂಬುದು ಅವರ ವಾದ. ಕೆಲವರು ಗಂಟುಗಳನ್ನು ಹಾಗೆಯೇ ಬಿಟ್ಟು ಮರಳಿನ ಸಮಯವನ್ನೇ 24–25 ಸೆಕೆಂಡಿಗೆ ಇಳಿಸಿಕೊಂಡರು. (ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು: 6,120 ಅಡಿಗೆ 3,600 ಸೆಕೆಂಡಾದರೆ 42 ಅಡಿಗೆಷ್ಟು?) ಕೊನೆಗೆ ಬ್ರಿಟಿಷ್ ಹಡಗುಗಳಲ್ಲಿ ರೂಢಿಯಾದದ್ದು 28 ಸೆಕೆಂಡು, 47 ಅಡಿ 3 ಅಂಗುಲ.

ಸಂಖ್ಯೆ ಸರಿಯಾದರೂ ಉಪಕರಣ ಸರಿಯಾಗಿ ಉಳಿಯುತ್ತಿರಲಿಲ್ಲ. ನಾರಿನ ಹಗ್ಗ ನೆನೆದಾಗ ಕುಗ್ಗುತ್ತದೆ, ಎಳೆದೆಳೆದು ಹಿಗ್ಗುತ್ತದೆ. ತೇವವಿದ್ದರೆ ಮರಳು ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ. ವರ್ಷಗಟ್ಟಲೆ ಉಜ್ಜಿ ಗಾಜಿನ ಕಂಡಿ ಅಗಲವಾದರೆ ಬೇಗ ಇಳಿಯುತ್ತದೆ. ಹಿಗ್ಗಿದ ಹಗ್ಗವೂ ಅಗಲವಾದ ಕಂಡಿಯೂ ವೇಗವನ್ನು ಕಡಿಮೆ ತೋರಿಸುತ್ತವೆ. ಅಂದರೆ ಲೆಕ್ಕದಲ್ಲಿ ಇನ್ನೂ ದೂರವಿರುವ ಬಂಡೆ ನಿಜವಾಗಿ ಮುಂದೆಯೇ ಇರುತ್ತದೆ. ಆದ್ದರಿಂದ ಹೊಸ ಹಗ್ಗವನ್ನು ನೆನೆಸಿ ಎಳೆದ ಮೇಲೆಯೇ ಗಂಟು ಹಾಕುತ್ತಿದ್ದರು. ಅಂತರವನ್ನು ಮತ್ತೆ ಮತ್ತೆ ಅಳೆದು, ಮರಳನ್ನು ಕೈಗಡಿಯಾರದೊಂದಿಗೆ ಹೋಲಿಸುತ್ತಿದ್ದರು.

1802ರಲ್ಲಿ ಎಡ್ವರ್ಡ್ ಮ್ಯಾಸಿ ಯಾಂತ್ರಿಕ ಲಾಗ್‌ಗೆ ಪೇಟೆಂಟ್ ಪಡೆದ. ಹಡಗಿನ ಹಿಂದೆ ಹಗ್ಗದಲ್ಲಿ ಎಳೆದೊಯ್ಯುವ, ಓರೆ ರೆಕ್ಕೆಗಳಿರುವ ತಿರುಗಣೆ ಅದು. ಓದಬೇಕಾದರೆ ನೀರಿನಿಂದ ಮೇಲಕ್ಕೆಳೆಯಬೇಕು. ಆ ಮನೆತನದ ನಂಟನೇ ಆದ ಥಾಮಸ್ ವಾಕರ್ ಇದನ್ನು ಸುಧಾರಿಸಿದ. ಆಮೇಲೆ ಮುಳ್ಳಿನ ಫಲಕ ಹಡಗಿನ ಕಟಕಟೆಯ ಮೇಲೆಯೇ ಬಂತು. ಕಷ್ಟಗಳೂ ಹೊಸವು. ಪಾಚಿ ಸುತ್ತಿಕೊಂಡರೆ ತಿರುಗಣೆ ನಿಲ್ಲುತ್ತದೆ. ಥಳಥಳಿಸಿದರೆ ದೊಡ್ಡ ಮೀನು ಬೇಟೆಯೆಂದು ಬಾಯಿ ಹಾಕುತ್ತದೆ! ಅದಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದರು.

'ಹೆಚ್ಚು ತೋರಿದರೆ ಕ್ಷೇಮ' ಎಂಬ ಹಳೆಯ ವಾದ ಎಷ್ಟು ಅಪಾಯಕಾರಿ ಎಂಬುದು 1923ರ ಸೆಪ್ಟೆಂಬರ್ 8ರ ರಾತ್ರಿ ತಿಳಿಯಿತು. ಅಮೆರಿಕದ ನೌಕಾಪಡೆಯ 14 ಡಿಸ್ಟ್ರಾಯರ್ ಹಡಗುಗಳು ಕ್ಯಾಲಿಫೋರ್ನಿಯದ ದಡದ ಉದ್ದಕ್ಕೂ ದಕ್ಷಿಣಕ್ಕೆ ಸಾಗುತ್ತಿದ್ದವು. ಮುಂದಾಳು ಹಡಗಿನಲ್ಲಿ ವೇಗವನ್ನು ಪ್ರೊಪೆಲ್ಲರಿನ ಸುತ್ತುಗಳಿಂದ ಊಹಿಸಿ 20 ನಾಟ್ ಎಂದು ಹಿಡಿದಿದ್ದರು. ಕಡಲು ಒರಟಾಗಿತ್ತು, ಪ್ರವಾಹ ಎದುರಿತ್ತು. ಹಡಗುಗಳು ಅಷ್ಟು ದೂರ ಬಂದಿರಲೇ ಇಲ್ಲ. ಜಲಸಂಧಿ ಬಂತೆಂದು ಮಂಜಿನಲ್ಲಿ ಎಡಕ್ಕೆ ತಿರುಗಿದವರಿಗೆ ಎದುರಾದದ್ದು ಹೊಂಡಾ ಪಾಯಿಂಟಿನ ಬಂಡೆಗಳು. ಏಳು ಹಡಗುಗಳು ನಾಶವಾದವು, 23 ಮಂದಿ ಸತ್ತರು.

ಇಂದಿನ ಹಾಯಿದೋಣಿಗಳ ತಳದಲ್ಲಿ ಬಹುಮಟ್ಟಿಗೆ ಇರುವುದು ಹೆಬ್ಬೆರಳಿನಷ್ಟು ಅಗಲದ ಪ್ಲಾಸ್ಟಿಕ್ ಹುಟ್ಟುಚಕ್ರ. ತಳಕ್ಕೆ ಕೊರೆದ ರಂಧ್ರದಲ್ಲಿ ಒಂದು ಕೊಳವೆ. ಅದರೊಳಗೆ ಕೂರುವ ಸಂವೇದಕದ ತುದಿಯಲ್ಲಿ ಈ ಚಕ್ರದ ಅರ್ಧ ಭಾಗ ನೀರಿಗೆ ಚಾಚಿರುತ್ತದೆ. ಹಲ್ಲುಗಳಲ್ಲಿ ಪುಟ್ಟ ಅಯಸ್ಕಾಂತಗಳಿರುತ್ತವೆ. ಅವು ಹಾದುಹೋದಾಗಲೆಲ್ಲ ಮೇಲಿನ ಹಾಲ್ ಸಂವೇದಕದಲ್ಲಿ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಪ್ರತಿ ನಾಟ್‌ಗೆ ಸೆಕೆಂಡಿಗೆ 5.6 ಮಿಡಿತ, ಒಂದು ನಾವಿಕ ಮೈಲಿಗೆ ಸುಮಾರು 20,000. ಗಂಟುಗಳನ್ನು ಎಣಿಸುವ ಕೆಲಸ ಈಗ ಮಂಡಲದ್ದು.

ಇದರ ಶತ್ರು ಬಾರ್ನಕಲ್. ಚಿಪ್ಪು ಕಟ್ಟಿಕೊಂಡು ಕುಳಿತಲ್ಲೇ ಬಾಳುವ, ಸೀಗಡಿಯ ದೂರದ ನೆಂಟನಾದ ಜೀವಿ. ಡಾರ್ವಿನ್ 1846ರಿಂದ ಎಂಟು ವರ್ಷ ಇದರ ಅಧ್ಯಯನಕ್ಕೇ ಮುಡಿಪಿಟ್ಟಿದ್ದ. ಬಿಸಿ ಕಡಲಿನಲ್ಲಿ ಕೆಲವು ವಾರ ದೋಣಿ ನಿಂತರೆ ಸಾಕು, ಚಕ್ರ ಕಚ್ಚಿಕೊಳ್ಳುತ್ತದೆ. ಪೂರ್ತಿ ನಿಂತರೆ ಫಲಕದಲ್ಲಿ ಸೊನ್ನೆ ಬರುತ್ತದೆ, ದೋಷ ತಿಳಿಯುತ್ತದೆ. ಅರೆಬರೆ ತಿರುಗಿದರೆ ಮಾತ್ರ ಮೋಸ. ಸಂಖ್ಯೆ ನಂಬುವಂತೆಯೇ ಇರುತ್ತದೆ.

ದುರಸ್ತಿಗೆ ದೋಣಿಯನ್ನು ದಡಕ್ಕೆ ಎಳೆಯಬೇಕಿಲ್ಲ. ಒಳಗಿನಿಂದ ಸಂವೇದಕವನ್ನು ಹೊರಗೆಳೆದು, ಕೂಡಲೇ ಆ ಜಾಗಕ್ಕೆ ಮುಚ್ಚಳದ ಬಿರಡೆ ತುರುಕಬೇಕು. ಆ ಕ್ಷಣದಲ್ಲಿ ಕಡಲು ಚಿಲುಮೆಯಂತೆ ಒಳನುಗ್ಗುತ್ತದೆ. ಬಿರಡೆ ಕೈಯಲ್ಲೇ ಇರದಿದ್ದರೆ ಕತೆ ಬೇರೆಯಾಗುತ್ತದೆ. ಚಕ್ರವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಉಳಿದ ಚಿಪ್ಪನ್ನು ವಿನಿಗರ್ ಕರಗಿಸುತ್ತದೆ – ಸುಣ್ಣದ ಕಲ್ಲಿಗೆ ಆಮ್ಲ ಹಾಕಿದಾಗ ಪ್ರಯೋಗಾಲಯದಲ್ಲಿ ಏಳುವ ಗುಳ್ಳೆಗಳೇ ಇಲ್ಲೂ ಏಳುತ್ತವೆ. ಅಸಿಟೋನಿನಂಥ ದ್ರಾವಕ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ. ಪಾಚಿ ತಡೆಯುವ ಬಣ್ಣವೂ ನೀರಿನಲ್ಲಿ ಕಲಸಿದ್ದೇ ಆಗಬೇಕು. ಅಚ್ಚು ಸವೆದು ಚಕ್ರ ಅಲುಗಾಡಿದರೆ ಎರಡನ್ನೂ ಬದಲಿಸಬೇಕು. ರಬ್ಬರ್ ಬಳೆಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿ, ಬಾಣದ ಗುರುತು ದೋಣಿಯ ಮೂತಿಯ ಕಡೆಗೆ ಬರುವಂತೆ ಕೂರಿಸಬೇಕು. ಕೂರಿಸುವ ಮುನ್ನ ಬೆರಳಿನಿಂದ ಚಕ್ರವನ್ನು ತಿರುಗಿಸಿ ನೋಡಿ. ಫಲಕದಲ್ಲಿ ಅಂಕಿ ಏಳದಿದ್ದರೆ ದೋಷ ಚಕ್ರದ್ದಲ್ಲ, ತಂತಿಯದೋ ಸಂವೇದಕದ್ದೋ ಇರಬೇಕು.

ಆಮೇಲೆ ತಾಳೆ ನೋಡುವುದು. ದೋಣಿಯ ಮೈಗೆ ತಾಗಿದ ನೀರು ಅದರೊಡನೆ ಸ್ವಲ್ಪ ಎಳೆದುಬರುವುದರಿಂದ ಪ್ರತಿ ದೋಣಿಯಲ್ಲೂ ತಿದ್ದುಪಡಿ ಬೇರೆ. ಅಳೆದ ಒಂದು ಮೈಲಿಯನ್ನು ಒಂದೇ ಎಂಜಿನ್ ವೇಗದಲ್ಲಿ ಹೋಗಿ, ಬಂದು ನೋಡಬೇಕು. ಹೋಗುವಾಗ ಪ್ರವಾಹದ ಎದುರು 4 ನಾಟ್, ಬರುವಾಗ 6 ನಾಟ್ ಎಂದಿಟ್ಟುಕೊಳ್ಳಿ. ಒಟ್ಟು 2 ಮೈಲಿಗೆ 25 ನಿಮಿಷ ಎಂದು ಭಾಗಿಸಿದರೆ 4.8 ಬರುತ್ತದೆ, ಅದು ತಪ್ಪು. ಎರಡು ವೇಗಗಳ ಸರಾಸರಿಯಾದ 5 ನಾಟ್ ಸರಿ. ಏಕೆ ಎಂಬುದನ್ನು ತರಗತಿಯಲ್ಲಿ ಚರ್ಚಿಸಬಹುದು.

ಜಿಪಿಎಸ್ ಇರುವಾಗ ಇದೆಲ್ಲ ಏಕೆ ಎಂದು ಕೇಳಬಹುದು. ಜಿಪಿಎಸ್ ಹೇಳುವುದು ನೆಲದ ಮೇಲಿನ ವೇಗ, ಚಕ್ರ ಹೇಳುವುದು ನೀರಿನೊಳಗಿನ ವೇಗ. ಪ್ರವಾಹದ ದಿಕ್ಕಿನಲ್ಲೇ ಸಾಗುವಾಗ ಜಿಪಿಎಸ್ 6, ಚಕ್ರ 5 ತೋರಿಸಿದರೆ ಪ್ರವಾಹ 1 ನಾಟ್. ಬಾರ್ನಕಲ್ ಹಿಡಿದ ಚಕ್ರ 4 ತೋರಿಸಿದರೆ, ನಾವಿಕ ಅದನ್ನು 2 ನಾಟ್ ಎಂದು ಬರೆದುಕೊಂಡು ಅದಕ್ಕೆ ತಕ್ಕಂತೆ ದಿಕ್ಕು ತಿದ್ದುತ್ತಾನೆ.