ಚಾಕುವಿನಿಂದ ಚಿಪ್ ಕೊಯ್ಯುತ್ತಿದ್ದ ಕೆಲಸ ಎಲ್ಲಿಗೆ ಹೋಯಿತು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದೀರಿ ಅಂದ್ಕೋತೀನಿ.

ಕಳೆದ ವಾರ ನನ್ನ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ಲು. ನ್ಯಾನೋಟೆಕ್ನಾಲಜಿಯಲ್ಲಿ ಎಂ.ಟೆಕ್., ಕೊನೆಯ ಸೆಮಿಸ್ಟರ್. "ಅಣ್ಣಾ, ಮೈಕ್ರೋಸ್ಕೋಪ್ ಚಿತ್ರದಲ್ಲಿ ಕಣಗಳನ್ನ ಎಣಿಸಿ ಅಳತೆ ಬರೆಯೋಕೆ ನಂಗೆ ಎರಡು ದಿನ ಹಿಡೀತಿತ್ತು. ಈಗ ಲ್ಯಾಬಿಗೆ ಎಐ ಸಾಫ್ಟ್‌ವೇರ್ ಬಂದಿದೆ. ಟೀ ಕುಡಿದು ಬರೋದ್ರೊಳಗೆ ಮುಗಿಸುತ್ತೆ. ನನ್ನನ್ನ ಯಾರು ಕೆಲಸಕ್ಕೆ ತಗೋತಾರೆ?"

ನಾನು ಬಿ.ಕಾಂ. ಓದಿದವನು. ನ್ಯಾನೋಮೀಟರ್ ಅಂದ್ರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ, ಅಷ್ಟು ಗೊತ್ತು. ಧೈರ್ಯ ಹೇಳೋಕೆ ಬಾಯಿ ಬರಲಿಲ್ಲ. ಹಳೇ ಖಾತೆ ಪುಸ್ತಕ ತೆಗೆದು ನೋಡೋಣ, ಹಿಂದೆ ಹೀಗಾದಾಗ ಜಮಾ ಯಾರ ಕಡೆ ಬಿತ್ತು, ಖರ್ಚು ಯಾರ ಕಡೆ ಅಂತ ಅನ್ನಿಸ್ತು.

1971ಕ್ಕೆ ಹೋಗೋಣ. ಅಮೆರಿಕದ ಕ್ಯಾಲಿಫೋರ್ನಿಯಾ. ಆ ವರ್ಷ ಇಂಟೆಲ್ ಕಂಪನಿಯ 4004 ಅನ್ನೋ ಚಿಪ್ ಹೊರಬಂತು. ಅದರಲ್ಲಿ ಇದ್ದದ್ದು 2,300 ಟ್ರಾನ್ಸಿಸ್ಟರ್. ಅದರ ವಿನ್ಯಾಸದ ಹೊಣೆ ಹೊತ್ತಿದ್ದವರು ಇಟಲಿಯಿಂದ ಬಂದ ಫೆಡೆರಿಕೊ ಫಾಜಿನ್. ನಕ್ಷೆ ಪೂರ್ತಿ ಕೈಯಲ್ಲೇ ಬರೆದದ್ದು. ಆಮೇಲೆ ರೂಬಿಲಿತ್ ಅನ್ನೋ ಕೆಂಪು ಪ್ಲಾಸ್ಟಿಕ್ ಹಾಳೆಯನ್ನ ದೊಡ್ಡ ಟೇಬಲ್ ಮೇಲೆ ಹರಡಿ, ಚಾಕುವಿನಿಂದ ಗೆರೆ ಕೊಯ್ದು, ಬೇಡದ ಭಾಗ ಕಿತ್ತು ತೆಗೀಬೇಕು. ಒಂದು ತುಂಡು ತಪ್ಪಿ ಕಿತ್ತು ಬಂದ್ರೆ ಚಿಪ್ಪೇ ಕೆಲಸ ಮಾಡಲ್ಲ. ಆ ಹಾಳೆಯ ಫೋಟೋ ತೆಗೆದು, ಕುಗ್ಗಿಸಿ ಕುಗ್ಗಿಸಿ ಸಿಲಿಕಾನ್ ಮೇಲೆ ಇಳಿಸ್ತಿದ್ರು. ಅತಿ ಸಣ್ಣ ಗೆರೆ 10,000 ನ್ಯಾನೋಮೀಟರ್. ನಮ್ಮ ತಲೆಕೂದಲು ಸುಮಾರು 80,000. ಫಾಜಿನ್ ಚಿಪ್ಪಿನ ಒಂದು ಮೂಲೆಯಲ್ಲಿ ತಮ್ಮ ಹೆಸರಿನ ಎರಡು ಅಕ್ಷರಗಳನ್ನೂ ಕೆತ್ತಿಸಿದ್ರು, ಚಿತ್ರ ಬರೆದವನು ಸಹಿ ಹಾಕಿದ ಹಾಗೆ.

ಇವತ್ತು ಒಬ್ಬರೇ ಸಹಿ ಹಾಕೋ ಹಾಗಿಲ್ಲ. 2023ರ ಐಫೋನ್ 15 ಪ್ರೋ ಒಳಗಿನ ಚಿಪ್‌ನಲ್ಲಿ 1,900 ಕೋಟಿ ಟ್ರಾನ್ಸಿಸ್ಟರ್ ಇದೆ. (ಅದನ್ನ 3 ನ್ಯಾನೋಮೀಟರ್ ಚಿಪ್ ಅಂತಾರೆ. ಆ 3 ಅನ್ನೋದು ಅಳತೆಗಿಂತ ಹೆಚ್ಚಾಗಿ ಮಾರ್ಕೆಟಿಂಗ್ ಹೆಸರು, ಮೋಸ ಹೋಗ್ಬೇಡಿ.) ಇಷ್ಟನ್ನ ಚಾಕುವಿನಲ್ಲಿ ಕೊಯ್ಯೋಕೆ ಯಾವ ಜನ್ಮ ಸಾಲುತ್ತೆ? ಕಂಪ್ಯೂಟರ್ ಬಂತು, ಕೆಂಪು ಹಾಳೆ ಹೋಯ್ತು, ಚಾಕು ಹಿಡಿದವರ ಕೆಲಸವೂ ಹೋಯ್ತು.

ಈಗ ನನ್ನನ್ನ ತಡೆದು ನಿಲ್ಲಿಸಿದ ವಿಷಯ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೀತು. ಈ ಊರಿನ ಐಟಿ ಕಥೆ ಶುರುವಾಗೋದೇ ಅಲ್ಲಿಂದ ಅಂತ ತುಂಬಾ ಜನ ಹೇಳ್ತಾರೆ. ಅಲ್ಲಿ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಚಿಪ್ ವಿನ್ಯಾಸ ಮಾಡೋ ಸಾಫ್ಟ್‌ವೇರ್ ಬರೆಯೋದು. ಅಂದ್ರೆ ಆ ಚಾಕು, ಆ ಟೇಬಲ್ ಬೇಡ ಅನ್ನೋ ಹಾಗೆ ಮಾಡಿದ ಸಾಫ್ಟ್‌ವೇರ್. ಕ್ಯಾಲಿಫೋರ್ನಿಯಾದಲ್ಲಿ ಖರ್ಚು ಬಿದ್ದ ಕೆಲಸ ಇಲ್ಲಿ ಜಮಾ ಆಯ್ತು.

"ಹಳೇ ಕೆಲಸ ಹೋದ್ರೆ ಹೊಸದು ಹುಟ್ಟುತ್ತೆ" ಅಂತಾರಲ್ಲ, ಅದು ಸುಳ್ಳಲ್ಲ. ಆದ್ರೆ ಅದು ಹುಟ್ಟಿದ್ದು ಬೇರೆ ಊರಲ್ಲಿ, ಬೇರೆಯವರ ಮನೇಲಿ. ಒಟ್ಟು ಮೊತ್ತ ಹೆಚ್ಚಾಯ್ತು ಅಂತ ಹೇಳಿ ನನ್ನ ತಂಗಿಯನ್ನ ಸಮಾಧಾನ ಮಾಡೋಕೆ ಆಗಲ್ಲ. ಅವಳಿಗೆ ಬೇಕಿರೋದು ಅವಳ ಖಾತೆಯ ಲೆಕ್ಕ.

ಹಾಗಾದ್ರೆ ಈಗಿನ ಎಐ ಎಲ್ಲಿವರೆಗೆ ಬಂದಿದೆ? 2023ರ ನವೆಂಬರ್‌ನಲ್ಲಿ ಅಮೆರಿಕದ ಬರ್ಕ್ಲಿಯ ತಂಡವೊಂದು ಎ-ಲ್ಯಾಬ್ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೀತು. ಏನು ಬೆರೆಸಬೇಕು ಅಂತ ನಿರ್ಧರಿಸೋದು ಎಐ, ಪುಡಿ ಬೆರೆಸಿ ಒಲೆಗಿಡೋದು ರೋಬೋ. 17 ದಿನದಲ್ಲಿ, ಗುರಿಯಿಟ್ಟ 58 ವಸ್ತುಗಳಲ್ಲಿ 41 ತಯಾರಾದವು ಅಂತ ವರದಿ. ಪೇಪರ್‌ಗಳಲ್ಲಿ ದೊಡ್ಡ ಸುದ್ದಿ ಆಯ್ತು. ಕೆಲವೇ ವಾರದಲ್ಲಿ ಲಂಡನ್ನಿನ ರಾಬರ್ಟ್ ಪಾಲ್ಗ್ರೇವ್, ಪ್ರಿನ್ಸ್‌ಟನ್ನಿನ ಲೆಸ್ಲಿ ಶೂಪ್ ಮತ್ತು ಜೊತೆಗಾರರು ಎಕ್ಸ್-ರೇ ಡೇಟಾ ತೆಗೆದು ಕೂತರು. ಒಂದೊಂದೇ ನಕ್ಷೆ ನೋಡಿ, ಇದರಲ್ಲಿ ಒಂದೂ ಹೊಸ ವಸ್ತು ಇಲ್ಲ ಅಂದ್ರು. ಎ-ಲ್ಯಾಬ್‌ನವರು ತಮ್ಮ ಕೆಲಸವನ್ನ ಸಮರ್ಥಿಸಿಕೊಂಡ್ರು. ಯಾರು ಸರಿ ಅಂತ ತೀರ್ಪು ಕೊಡೋಕೆ ಬಿ.ಕಾಂ. ಸಾಲಲ್ಲ. ನನಗೆ ಕಂಡದ್ದು ಇಷ್ಟು: ಯಂತ್ರದ ಲೆಕ್ಕವನ್ನ ಆಡಿಟ್ ಮಾಡಿದವರು ಅಂಥಾ ನಕ್ಷೆಗಳನ್ನ ವರ್ಷಗಟ್ಟಲೆ ನೋಡಿ ಕಣ್ಣು ಪಳಗಿಸಿಕೊಂಡವರು.

ಕಣ್ಣು ಪಳಗೋದು ಹೇಗೆ? ಎರಡು ದಿನ ಕೂತು ಕಣ ಎಣಿಸಿದ್ರೆ. ಆ ಬೇಜಾರಿನ ಕೆಲಸವೇ ಈಗ ಮೊದಲು ಹೋಗ್ತಿರೋದು. ಏಣಿಯ ಮೇಲಿನ ಮೆಟ್ಟಿಲು ಗಟ್ಟಿಯಾಗಿದೆ, ಕೆಳಗಿನದ್ದನ್ನ ಕಿತ್ತರೆ ಹತ್ತೋದು ಹೇಗೆ?

ಇದನ್ನೇ ತಂಗಿಗೆ ಹೇಳಿದೆ. ಕ್ಲೀನ್‌ರೂಮ್ ಒಳಗೆ ಕೈ ಆಡಿಸೋ ಯಾವ ಅವಕಾಶವನ್ನೂ ಬಿಡ್ಬೇಡ ಅಂದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಹೊರಗಿನ ಕಾಲೇಜಿನವರಿಗೂ ನ್ಯಾನೋ ತರಬೇತಿ ಕೊಡೋ ಕಾರ್ಯಕ್ರಮ ಇದೆ, ಅರ್ಜಿ ಹಾಕು ಅಂದೆ.

ಮೊನ್ನೆ ಮೆಸೇಜ್ ಮಾಡಿದ್ಲು. ಸಾಫ್ಟ್‌ವೇರ್ ಒಂದು ಚಿತ್ರದಲ್ಲಿ ಧೂಳನ್ನೂ ಕಣ ಅಂತ ಎಣಿಸಿತ್ತಂತೆ, ಇವಳು ಹಿಡಿದ್ಲಂತೆ. ಖುಷಿಯಾಯ್ತು. "ನಿನ್ನ ಜೂನಿಯರ್‌ಗಳು ಹಿಡೀತಾರಾ?" ಅಂತ ಕೇಳಿದೆ. "ಅವರು ಕೈಯಲ್ಲಿ ಎಣಿಸೇ ಇಲ್ವಲ್ಲ ಅಣ್ಣಾ" ಅಂದ್ಲು.

ನಿಮ್ಮಲ್ಲಿ ಇಂಥಾ ಲ್ಯಾಬ್‌ಗಳಲ್ಲಿ ಇರೋರು ಒಂದು ವಾಯ್ಸ್ ನೋಟ್ ಕಳಿಸಿ. ಹೊಸಬರಿಗೆ ಈಗ ಮೊದಲ ದಿನ ಯಾವ ಕೆಲಸ ಕೊಡ್ತೀರಿ ಅಂತ ಹೇಳಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.